ಗಿಡದಿಂದ ಬಂದ ಕೀಮೋ ಔಷಧಗಳು: ನಮ್ಮ ಕಡೆಯ ಮನೆಗಳಿಗೆ ಯಾವುದು ಹೇಗೆ ಹೊಂದುತ್ತದೆ

ಹುಬ್ಬಳ್ಳಿಯ ಡೇ ಕೇರ್ ವಾರ್ಡಿನಲ್ಲಿ ಆಯಿಗೆ, ಅಂದರೆ ನಮ್ಮಮ್ಮನಿಗೆ, ಮೊದಲ ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಹಾಕುವಾಗ ನರ್ಸ್ ಸಮಾಧಾನಕ್ಕೆಂದು ಒಂದು ಮಾತು ಹೇಳಿದರು. "ಹೆದರಬೇಡಿ ಅಮ್ಮ, ಇದು ಮರದ ತೊಗಟೆಯಿಂದ ಬಂದ ಔಷಧ." ಆಯಿ ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿದಳು. ಒಳಗೆ ನೀರಿನಷ್ಟೇ ತಿಳಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಹಂಗಾರೆ ಇದನ್ನ ಮನೇಲೇ ಕುದ್ಸಿ ಕುಡಿಯಲಾಗ್ತಿತ್ತಲ್ದ ತಂಗಿ?"

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲಿನ ಹನ್ನೆರಡು ವಾರ ಶಿರಸಿ–ಹುಬ್ಬಳ್ಳಿ ಓಡಾಡುತ್ತ, ಡಾಕ್ಟರನ್ನು ಕೇಳುತ್ತ, ರಾತ್ರಿ ಕೂತು ಓದುತ್ತ ಒಂದೊಂದಾಗಿ ತಿಳಿದುಕೊಂಡೆ. ಈಗ ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ನನಗೆ ಫೋನ್ ಬರುತ್ತದೆ. "ಡಾಕ್ಟ್ರು ಎರಡು ದಾರಿ ಇದೆ ಅಂದ್ರು, ಯಾವುದು ತಗೊಳ್ಳೋದು?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ, ರೋಗಿಯ ಪಕ್ಕದ ಸ್ಟೂಲಿನ ಮೇಲೆ ಕೂತವಳು. ಯಾವ ಔಷಧ ಎಂಬುದನ್ನು ಮೊದಲು ತೀರ್ಮಾನಿಸುವುದು ಯಾವ ಕ್ಯಾನ್ಸರ್, ಯಾವ ಹಂತ ಎಂಬುದು. ಎಷ್ಟೋ ಸಲ ಆಯ್ಕೆಯೇ ಇರುವುದಿಲ್ಲ. ಆದರೆ ಎರಡು ಔಷಧ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ ಅನ್ನುವಾಗ ಡಾಕ್ಟರು ನಮ್ಮನ್ನು ಕೇಳುತ್ತಾರೆ. ಆಗ ಉತ್ತರ ಇರುವುದು ನಮ್ಮ ಮನೆಯಲ್ಲಿ. ದಾರಿ ಎಷ್ಟು ದೂರ, ಕೈಯಲ್ಲಿ ಮಾಡುವ ಕೆಲಸ ಏನು, ಮಳೆಗಾಲದ ರಾತ್ರಿ ಜ್ವರ ಬಂದರೆ ಗಾಡಿ ಸಿಗುತ್ತದಾ? ಇದು ಆಸ್ಪತ್ರೆಯ ಫೈಲಿನಲ್ಲಿ ಇರುವುದಿಲ್ಲ, ನಾವೇ ಬಾಯಿಬಿಟ್ಟು ಹೇಳಬೇಕು.

ಮನೆಯಲ್ಲಿ ಕುದಿಸಿದರೆ ಯಾಕಾಗದು?

ಆಯಿಯ ಪ್ರಶ್ನೆ ಮೊದಲು. ಪ್ಯಾಕ್ಲಿಟ್ಯಾಕ್ಸೆಲ್ ಸಿಕ್ಕಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನ ಯೂ ಮರದಲ್ಲಿ. 1962ರಲ್ಲಿ ಅದರ ತೊಗಟೆಯನ್ನು ಪರೀಕ್ಷೆಗೆ ತಂದರು. ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಎಂಬ ವಿಜ್ಞಾನಿಗಳು ಒಳಗಿನ ವಸ್ತುವನ್ನು ಬೇರೆ ಮಾಡಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ವಾಣಿ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಹುಟ್ಟಿ ಅಲ್ಲಿಗೆ ಹೋದವರು. ಅದು ಔಷಧವಾಗಿ ಒಪ್ಪಿಗೆ ಪಡೆದದ್ದು 1992ರ ಕೊನೆಗೆ. ಅಷ್ಟು ತಡವಾಗಲು ಒಂದು ಕಾರಣ, ಆ ವಸ್ತು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ತೊಗಟೆಯನ್ನು ದಿನವಿಡೀ ಕುದಿಸಿದರೂ ನೀರಿಗೆ ಇಳಿಯುವುದು ಬಣ್ಣ, ಒಗರು ಮತ್ತು ಮರದ ಬೇರೆ ನಂಜು. ಬೇಕಾದದ್ದು ಚರಟದಲ್ಲೇ ಉಳಿಯುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರವ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ ಇಡುತ್ತಾರೆ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಅಲರ್ಜಿ ಆಗುವುದು ಬಹುಪಾಲು ಆ ದ್ರವದಿಂದಲೇ.

ನಮ್ಮ ಅಂಗಳದ ನಿತ್ಯಪುಷ್ಪದ ಕತೆ ಇನ್ನೊಂದು ಥರ. ಸದಾಪುಷ್ಪ, ಕಾಶಿಕಣಗಿಲೆ ಅಂತಲೂ ಕರೆಯುತ್ತಾರೆ. ಮೂಲ ಮಡಗಾಸ್ಕರ್. ವಿಂಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎರಡೂ ಬಂದದ್ದು ಇದರ ಎಲೆಯಿಂದ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಚಹಾ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪರೀಕ್ಷಿಸಲು ಹೋದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಹಾಗಾದರೆ ರಕ್ತದ ಕ್ಯಾನ್ಸರಿಗೆ ಆಗಬಹುದಲ್ಲ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ.

ಈಗ ಲೆಕ್ಕ ನೋಡಿ. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವ ವಿಂಕ್ರಿಸ್ಟಿನ್ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ಸಾಸಿವೆ ಕಾಳಿಗಿಂತಲೂ ಹೆಚ್ಚಿಲ್ಲ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಒಂದೇ ಎಲೆಯಲ್ಲಿ ಇಂಥ 100ಕ್ಕೂ ಹೆಚ್ಚು ಬೇರೆ ಬೇರೆ ವಸ್ತುಗಳಿವೆ. ಹೊಟ್ಟೆಗೆ ಕುಡಿದದ್ದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ ಎಂದು ಯಾರೂ ಹೇಳಲಾರರು. ರೋಗಕ್ಕೆ ಸಾಲದು, ನರಕ್ಕೂ ರಕ್ತಕ್ಕೂ ಪೆಟ್ಟು ಕೊಡಲು ಸಾಕು ಅನ್ನುವ ಪರಿಸ್ಥಿತಿ. ದಯವಿಟ್ಟು ಅಂಗಳದ ಹೂವನ್ನು ದೇವರಿಗೆ ಏರಿಸಿ, ಕಷಾಯಕ್ಕೆ ಹಾಕಬೇಡಿ.

ಒಳಗೆ ಹೋಗಿ ಏನು ಮಾಡುತ್ತವೆ?

ನಮ್ಮಲ್ಲಿ ಮದುವೆಗೆ ಅಡಿಕೆ ದಬ್ಬೆಯ ಚಪ್ಪರ ಹಾಕುತ್ತಾರಲ್ಲ, ಹಾಗೆ ಒಂದು ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ಕೊಳವೆಗಳ ಚಪ್ಪರ ಎಬ್ಬಿಸುತ್ತದೆ. ಕೆಲಸ ಮುಗಿದ ಮೇಲೆ ಕಳಚುತ್ತದೆ. ನಿತ್ಯಪುಷ್ಪದ ಔಷಧಗಳು ಚಪ್ಪರ ಏಳಲು ಬಿಡುವುದಿಲ್ಲ. ಯೂ ಮರದ ಔಷಧಗಳು ಎದ್ದ ಚಪ್ಪರವನ್ನು ಕಳಚಲು ಬಿಡುವುದಿಲ್ಲ. ಎರಡರಲ್ಲೂ ಕೋಶ ಅಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ಇದೇ ಕೊಳವೆಗಳು ನಮ್ಮ ನರಗಳೊಳಗೆ ಸಾಮಾನು ಸಾಗಿಸುವ ದಾರಿಯೂ ಹೌದು. ಅದಕ್ಕೇ ಈ ಎರಡೂ ಗುಂಪಿನಲ್ಲಿ ಕೈಕಾಲು ಜೋಮು ಹಿಡಿಯುವುದು.

ಇರಿನೊಟೆಕಾನ್, ಟೊಪೊಟೆಕಾನ್, ಎಟೊಪೊಸೈಡ್ ಕೂಡ ಗಿಡಮರದಿಂದ ಬಂದ ಔಷಧಗಳೇ, ಆದರೆ ಬೇರೆ ದಾರಿಯವು. ಹುರಿ ಜಾಸ್ತಿಯಾದ ಹಗ್ಗವನ್ನು ಬಿಡಿಸಲು ಒಂದು ಕಡೆ ಕತ್ತರಿಸಿ, ಬಿಚ್ಚಿ, ಮತ್ತೆ ಜೋಡಿಸುತ್ತೇವಲ್ಲ? ಕೋಶವೂ ತನ್ನ ಡಿಎನ್ಎ ಎಳೆಗೆ ಹಾಗೇ ಮಾಡುತ್ತದೆ. ಈ ಔಷಧಗಳು ಕತ್ತರಿಸಲು ಬಿಡುತ್ತವೆ, ಜೋಡಿಸಲು ಬಿಡುವುದಿಲ್ಲ. ಇವುಗಳಲ್ಲಿ ಜೋಮಿನ ಕಾಟ ಕಡಿಮೆ. ಏಟು ಬೀಳುವುದು ರಕ್ತಕಣಗಳ ಮೇಲೆ. ಇರಿನೊಟೆಕಾನ್ ಆದರೆ ಕರುಳಿನ ಮೇಲೂ.

ಪ್ಯಾಕ್ಲಿಟ್ಯಾಕ್ಸೆಲ್ಲೋ ಡೋಸಿಟ್ಯಾಕ್ಸೆಲ್ಲೋ

ಸ್ತನ ಕ್ಯಾನ್ಸರಿನವರ ಮನೆಗಳಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಎರಡೂ ಯೂ ಮರದ ಮಕ್ಕಳೇ. ತೊಗಟೆ ಸುಲಿದರೆ ಮರ ಸಾಯುತ್ತದೆ. ಹಾಗಾಗಿ ಫ್ರಾನ್ಸಿನ ಪಿಯರ್ ಪೋಟಿಯೆ ಅವರ ತಂಡ ಯುರೋಪಿನ ಯೂ ಮರದ ಎಲೆಯಿಂದ ಒಂದು ಮೂಲವಸ್ತು ತೆಗೆದು ಅದನ್ನು ತಿದ್ದಿ ಡೋಸಿಟ್ಯಾಕ್ಸೆಲ್ ಮಾಡಿತು. ಎಲೆ ಮತ್ತೆ ಚಿಗುರುತ್ತದೆ, ಮರ ಉಳಿಯುತ್ತದೆ. ಹಿಮಾಲಯದಲ್ಲೂ ಈ ಜಾತಿಯ ಮರ ಇದೆ, ನಮ್ಮ ಘಟ್ಟದಲ್ಲಿ ಇಲ್ಲ.

ಫಲದ ವಿಷಯ ಮೊದಲು. ಸುಮಾರು 5000 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಇದೆ. ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಮೂರು ವಾರಕ್ಕೊಮ್ಮೆ ಕೊಡುವುದಕ್ಕಿಂತ ವಾರವಾರ ಕೊಟ್ಟರೆ ಒಳ್ಳೆಯದು ಎಂದು ಅದರಲ್ಲಿ ಗೊತ್ತಾಯಿತು. ಮೂರು ವಾರಕ್ಕೊಮ್ಮೆ ಕೊಡುವ ಡೋಸಿಟ್ಯಾಕ್ಸೆಲ್ ಕೂಡ ಹಳೆಯ ಕ್ರಮಕ್ಕಿಂತ ಚೆನ್ನಾಗಿತ್ತು. ಹಾಗಾಗಿ ಇವತ್ತು ಡಾಕ್ಟರು ಮುಂದಿಡುವ ಎರಡು ದಾರಿ ಸಾಮಾನ್ಯವಾಗಿ ಇವು: ವಾರಕ್ಕೊಂದರಂತೆ 12 ಪ್ಯಾಕ್ಲಿಟ್ಯಾಕ್ಸೆಲ್, ಇಲ್ಲವೇ ಮೂರು ವಾರಕ್ಕೊಂದರಂತೆ 4 ಡೋಸಿಟ್ಯಾಕ್ಸೆಲ್.

ಹನ್ನೆರಡು ಸಲ ಹೋಗುವುದಾ, ನಾಲ್ಕು ಸಲವಾ? ಕಾಗದದ ಮೇಲೆ ಉತ್ತರ ಸುಲಭ ಅನಿಸುತ್ತದೆ. ನಮ್ಮ ಅಣ್ಣನೂ ಹಾಗೇ ಹೇಳಿದ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ನಮ್ಮ ಊರಿನಿಂದ ಶಿರಸಿಗೆ ಬರುವುದೇ ಬೇರೆ. ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ ಹೋಗುತ್ತಾರೆ. ಯಾರಿಗೂ ಹತ್ತಿರ ಅಲ್ಲ.

ಆದರೆ ಡಾಕ್ಟರು ಒಂದು ಮಾತು ಕೇಳಿದರು. "ಔಷಧ ಹಾಕಿಸಿದ ಎಂಟನೇ ದಿನ ರಾತ್ರಿ ಜ್ವರ ಬಂದರೆ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟುತ್ತೀರಿ?" ಡೋಸಿಟ್ಯಾಕ್ಸೆಲ್ ಮೂರು ವಾರದ ಪಾಲನ್ನು ಒಂದೇ ಸಲಕ್ಕೆ ಕೊಡುವುದರಿಂದ ಸೋಂಕು ತಡೆಯುವ ಬಿಳಿ ರಕ್ತಕಣ ತುಂಬಾ ಕೆಳಗೆ ಇಳಿಯುತ್ತದೆ. ಒಂದು, ಒಂದೂವರೆ ವಾರದ ಹೊತ್ತಿಗೆ ತೀರಾ ತಳದಲ್ಲಿರುತ್ತದೆ. ಆಗ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅನ್ನುವ ಹಾಗಿಲ್ಲ, ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತಕ್ಕೆ ಹೋಗಬೇಕು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಲು ಒಂದು ಹಳ್ಳ ದಾಟಬೇಕು. ಆಗ ಆಷಾಢ. ನಾನು ಅದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಹಾಗಾದರೆ ವಾರವಾರ ಬನ್ನಿ" ಅಂದರು.

ಡೋಸಿಟ್ಯಾಕ್ಸೆಲ್ ಬೇಡವೇ ಬೇಡ ಅಂತಲ್ಲ. ಮರುದಿನ ಬಿಳಿರಕ್ತಕಣ ಏರಿಸುವ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಅಪಾಯ ಬಹಳ ಕಡಿಮೆಯಾಗುತ್ತದೆ. ಅದನ್ನು ಫ್ರಿಜ್ಜಿನ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ಊರಿಗೆ ತಂದು ತಾಲೂಕು ಆಸ್ಪತ್ರೆಯಲ್ಲಿ ಹಾಕಿಸುವುದಾದರೆ ಮೀನು ಸಾಗಿಸುವಂಥ ಥರ್ಮಾಕೋಲ್ ಡಬ್ಬಿ ಸಾಕು. ಆದರೆ ಇಂಜೆಕ್ಷನ್ನಿನ ಪೆಟ್ಟಿಗೆ ಐಸಿಗೆ ನೇರ ತಾಗದ ಹಾಗೆ ನಡುವೆ ದಪ್ಪ ಟವೆಲ್ ಇಡಿ. ಪೇಟೆಯಲ್ಲೇ ಮನೆ ಇದ್ದು, ಗಾಡಿ ಇದ್ದು, ಜೊತೆಗೆ ಓಡಾಡಲು ಜನ ಇಲ್ಲದವರಿಗೆ ನಾಲ್ಕು ಸಲದ ದಾರಿಯೇ ಹಗುರ.

ಇನ್ನು ಕೈ. ವಾರದ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಬೆರಳ ತುದಿ ಜೋಮು ಹಿಡಿಯುವುದು ಜಾಸ್ತಿ. ಆಯಿಗೆ ಏಳನೇ ವಾರ ಶುರುವಾಯಿತು. ಒಂದು ದಿನ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು ಹೋದಳು. ನಲವತ್ತು ವರ್ಷದ ಅಭ್ಯಾಸ. ಎಡಗೈ ಹೆಬ್ಬೆರಳು ಕೊಯ್ದದ್ದು ಅವಳಿಗೆ ಗೊತ್ತಾದದ್ದು ಸಿಪ್ಪೆಯ ಮೇಲೆ ರಕ್ತ ನೋಡಿದಾಗ. ಬಟ್ಟೆಯ ಗುಂಡಿ ಹಾಕಲಾಗುತ್ತಿಲ್ಲ, ಹೂ ಕಟ್ಟುವಾಗ ದಾರ ಬೆರಳಿಗೆ ಸಿಗುತ್ತಿಲ್ಲ ಅಂತ ಅವಳು ಎರಡು ವಾರದ ಹಿಂದೆಯೇ ಹೇಳಿದ್ದಳು. ನಾವು ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಹೇಳಿದ ಮೇಲೆ ಅವರು ಪ್ರಮಾಣ ಇಳಿಸಿದರು. ಈಗ ಬಹುಪಾಲು ಸರಿಹೋಗಿದೆ, ಕಾಲಿನ ಹೆಬ್ಬೆರಳಲ್ಲಿ ಮಾತ್ರ ಉಳಿದಿದೆ. ಹಾಗಾಗಿ ಅಡಿಕೆ ಸುಲಿಯುವವರು, ಮೀನು ಕೊಯ್ದು ಮಾರುವವರು, ಬಲೆ ಹೆಣೆಯುವವರು, ಹೊಲಿಗೆಯವರು ಆಯ್ಕೆ ಮಾಡುವಾಗಲೇ ತಮ್ಮ ಕೆಲಸ ಏನು ಎಂದು ಹೇಳಬೇಕು. ಮೊದಲೇ ಸಕ್ಕರೆ ಕಾಯಿಲೆಯಿಂದ ಪಾದ ಉರಿಯುತ್ತಿದ್ದರೆ ಅದನ್ನಂತೂ ಮರೆಯಬೇಡಿ.

ಸಕ್ಕರೆಯ ಮಾತು ಬಂತಲ್ಲ. ಎರಡಕ್ಕೂ ಮುಂಚೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಡೋಸಿಟ್ಯಾಕ್ಸೆಲ್‌ಗೆ ಹಿಂದಿನ ದಿನದಿಂದ ಶುರುಮಾಡಿ ಮೂರು ದಿನ ಮಾತ್ರೆ ನುಂಗಬೇಕು. ಮೈಯಲ್ಲಿ ನೀರು ತುಂಬಿ ಬಾವು ಬರುವುದನ್ನು ಅದು ತಡೆಯುತ್ತದೆ. ಮಾತ್ರೆ ಮರೆತು ಆಸ್ಪತ್ರೆಗೆ ಬಂದರೆ ಆವತ್ತಿನ ಔಷಧವೇ ಮುಂದಕ್ಕೆ ಹೋಗಬಹುದು. ಆ ಮೂರು ದಿನ ಸಕ್ಕರೆ ಮೇಲೇರುತ್ತದೆ. ಉಗುರು ಕಪ್ಪಾಗುವುದು, ಕಣ್ಣಲ್ಲಿ ನೀರು ಸುರಿಯುವುದು ಡೋಸಿಟ್ಯಾಕ್ಸೆಲ್‌ನಲ್ಲಿ ಹೆಚ್ಚು. ಲಿವರ್ ಸರಿ ಇಲ್ಲದವರಿಗೆ ಅದು ಒಗ್ಗುವುದಿಲ್ಲ. ಕೂದಲು ಎರಡರಲ್ಲೂ ಹೋಗುತ್ತದೆ, ಮತ್ತೆ ಬರುತ್ತದೆ. ಅಪರೂಪಕ್ಕೆ ಡೋಸಿಟ್ಯಾಕ್ಸೆಲ್ ಆದವರಲ್ಲಿ ಪೂರ್ತಿ ಬಾರದೆ ಉಳಿಯುವುದುಂಟು. ಎರಡರಲ್ಲೂ ಆಲ್ಕೋಹಾಲ್ ಇರುವುದರಿಂದ ಆ ದಿನ ತಲೆ ತಿರುಗಬಹುದು. ರೋಗಿ ತಾವೇ ಬೈಕ್ ಓಡಿಸಿಕೊಂಡು ಮನೆಗೆ ಬರುವುದು ಬೇಡ.

ಮೂರನೆಯದೊಂದು ಇದೆ, ನ್ಯಾಬ್ ಪ್ಯಾಕ್ಲಿಟ್ಯಾಕ್ಸೆಲ್. 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಔಷಧ ಅದೇ, ಹರಳೆಣ್ಣೆ ದ್ರವದ ಬದಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಸಿರುತ್ತಾರೆ. ಅಲರ್ಜಿ ಆದವರಿಗೆ, ಸ್ಟಿರಾಯ್ಡ್ ತಡೆಯದವರಿಗೆ ಇದು ವರ. ಬೆಲೆ ಜಾಸ್ತಿ, ಜೋಮು ಕಡಿಮೆ ಏನಲ್ಲ. ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಒಗ್ಗುತ್ತಿದ್ದರೆ ಸುಮ್ನೆ ದುಬಾರಿಯದೇ ಒಳ್ಳೆಯದು ಎಂದುಕೊಂಡು ಇದಕ್ಕೆ ಸಾಲ ಮಾಡಬೇಡಿ. ಇದು ನನ್ನ ಅಭಿಪ್ರಾಯ.

ಬಾಯಿ ಕ್ಯಾನ್ಸರಿನವರಿಗೆ ಒಂದು ಮಾತು

ಅಡಿಕೆಯ ಊರಿನವಳಾಗಿ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯಬೇಕು. ತಂಬಾಕು ಹಾಕದಿದ್ದರೂ ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಜಗುಲಿಗಳಲ್ಲಿ ಕವಳದ ಹರಿವಾಣ ಇನ್ನೂ ಇದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಜೊತೆ ಸಾಮಾನ್ಯವಾಗಿ ಕೊಡುವುದು ಸಿಸ್‌ಪ್ಲಾಟಿನ್. ಅದು ಗಿಡದ್ದಲ್ಲ, ಪ್ಲಾಟಿನಂ ಲೋಹದ್ದು. ಕಿಡ್ನಿ ಸರಿಯಿಲ್ಲ, ಕಿವಿ ಮಂದ ಎಂಬ ಕಾರಣಕ್ಕೆ ಅದು ಆಗದವರಿಗೆ ಮೊದಲು ಬರೀ ರೇಡಿಯೇಶನ್ ಕೊಟ್ಟು ಬಿಡುವುದಿತ್ತು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಂಥವರಿಗೆ ವಾರಕ್ಕೊಮ್ಮೆ ಸಣ್ಣ ಪ್ರಮಾಣದ ಡೋಸಿಟ್ಯಾಕ್ಸೆಲ್ ಜೊತೆಗೆ ಕೊಟ್ಟು ನೋಡಿದರು. ಎರಡು ವರ್ಷದ ನಂತರ ಬದುಕಿದ್ದವರು 100ಕ್ಕೆ ಸುಮಾರು 42 ಇದ್ದದ್ದು ಸುಮಾರು 51 ಆಯಿತು. 2023ರಲ್ಲಿ ಪ್ರಕಟವಾಗಿದೆ. "ಸಿಸ್‌ಪ್ಲಾಟಿನ್ ಆಗೋದಿಲ್ಲ" ಅಂದರೆ, "ಡೋಸಿಟ್ಯಾಕ್ಸೆಲ್ ಆಗುತ್ತಾ?" ಎಂದು ಕೇಳಲು ಸಂಕೋಚ ಬೇಡ.

ದೊಡ್ಡ ಕರುಳಿನ ಕ್ಯಾನ್ಸರ್: ಇರಿನೊಟೆಕಾನ್ ಬೇಕಾ, ಆಕ್ಸಾಲಿಪ್ಲಾಟಿನ್ ಬೇಕಾ

ಇರಿನೊಟೆಕಾನ್ ವಂಶದ ಮೂಲ ಕ್ಯಾಂಪ್ಟೊಥೆಸಿನ್. 1966ರಲ್ಲಿ ಚೀನಾದ ಒಂದು ಮರದಲ್ಲಿ ಅದನ್ನು ಕಂಡವರೂ ಅದೇ ವಾಲ್ ಮತ್ತು ವಾಣಿ. ಆದರೆ ಇದು ನಮ್ಮ ಕಾಡಿನ ಕತೆಯೂ ಹೌದು. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಇದೇ ವಸ್ತು ಇದೆ ಎಂದು 1972ರಲ್ಲಿ ಭಾರತದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಮರಾಠಿಯವರು ನರ್ಕ್ಯಾ ಅನ್ನುತ್ತಾರೆ. ಹೂವಿಗೆ ಕೆಟ್ಟ ವಾಸನೆ. ಆಮೇಲೆ ಬೇಡಿಕೆ ಹುಟ್ಟಿತು, ಘಟ್ಟದುದ್ದಕ್ಕೂ ಮರಗಳನ್ನು ಕಡಿದು ಒಣಗಿಸಿ ಸಾಗಿಸಿದರು. ಜಗತ್ತಿನ ಯಾವುದೋ ಮೂಲೆಯ ರೋಗಿ ಬದುಕಿರುವುದು ನಮ್ಮ ಕಾಡಿನ ಒಂದು ಮರದಿಂದ ಅನ್ನುವುದು ಹೆಮ್ಮೆ. ಮರವೇ ಉಳಿಯದ ಹಾಗೆ ಕಡಿದದ್ದು ಸಂಕಟ. ಇಷ್ಟಾಗಿಯೂ ಆ ಮರವನ್ನು ಹುಡುಕಿ ಕಷಾಯ ಮಾಡಿದರೆ ಪ್ರಯೋಜನ ಇಲ್ಲ. ಮೂಲವಸ್ತುವನ್ನು ಹಾಗೇ ಕೊಟ್ಟಾಗ ರೋಗಿಗಳ ಮೂತ್ರಕೋಶಕ್ಕೆ, ಕರುಳಿಗೆ ತುಂಬಾ ಪೆಟ್ಟು ಬಿದ್ದಿತ್ತು. ಅದನ್ನು ತಿದ್ದಿ ಮಾಡಿದ್ದೇ ಇರಿನೊಟೆಕಾನ್ ಮತ್ತು ಟೊಪೊಟೆಕಾನ್. ಎರಡಕ್ಕೂ 1996ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಬೇರೆ ಅಂಗಕ್ಕೆ ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಎರಡು ಜೋಡಿ ಇವೆ. ಒಂದರಲ್ಲಿ ಇರಿನೊಟೆಕಾನ್, ಇನ್ನೊಂದರಲ್ಲಿ ಆಕ್ಸಾಲಿಪ್ಲಾಟಿನ್. ಎರಡರಲ್ಲೂ ಜೊತೆಗೆ ಎರಡು ದಿನ ನಿಧಾನಕ್ಕೆ ಹೋಗುವ ಇನ್ನೊಂದು ಔಷಧದ ಬಾಟಲಿ ಇರುತ್ತದೆ. ಯಾವುದನ್ನು ಮೊದಲು ಕೊಟ್ಟರೂ ಕೊನೆಗೆ ಫಲ ಹೆಚ್ಚುಕಡಿಮೆ ಒಂದೇ ಎಂದು 2004ರ ಫ್ರಾನ್ಸಿನ ಅಧ್ಯಯನ ತೋರಿಸಿತು. ಹಾಗಾಗಿ ಇಲ್ಲಿ ನಿಜವಾದ ಆಯ್ಕೆ ಇದೆ.

ಆಕ್ಸಾಲಿಪ್ಲಾಟಿನ್‌ನ ಕಾಟ ತಂಪು. ತಣ್ಣನೆಯದು ಮುಟ್ಟಿದರೆ ಕೈಗೆ ಸೂಜಿ ಚುಚ್ಚಿದ ಹಾಗೆ, ತಣ್ಣೀರು ಕುಡಿದರೆ ಗಂಟಲು ಹಿಡಿದ ಹಾಗೆ ಆಗುತ್ತದೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೆಳಗಿನ ಜಾವ ಐಸಿನಲ್ಲಿ ಕೈ ಹಾಕಿ ಮೀನು ವಿಂಗಡಿಸುವವರಿಗೆ ಇದು ಹೇಗಾಗಬಹುದು, ಯೋಚಿಸಿ. ಅಂಥವರಿಗೆ ಇರಿನೊಟೆಕಾನ್ ಒಳ್ಳೆಯದು ಅಂತ ನನ್ನ ಅನಿಸಿಕೆ. ಅದರ ಕಾಟ ಬೇಧಿ. ಔಷಧ ಹೋಗುವಾಗಲೇ ಬೆವರು, ಹೊಟ್ಟೆ ನುಲಿತ ಬಂದರೆ ಅಲ್ಲೇ ಇಂಜೆಕ್ಷನ್ ಕೊಡುತ್ತಾರೆ. ತೊಂದರೆ ಇರುವುದು ಮನೆಗೆ ಬಂದ ಮೇಲೆ, ಕೆಲವು ದಿನ ಬಿಟ್ಟು ಶುರುವಾಗುವ ಬೇಧಿಯಲ್ಲಿ. ಲೋಪೆರಮೈಡ್ ಮಾತ್ರೆ ಮನೆಯಲ್ಲಿ ಇರಲೇಬೇಕು. ಅದನ್ನು ಪೊಟ್ಟಣದ ಮೇಲೆ ಬರೆದ ಹಾಗಲ್ಲ, ಡಾಕ್ಟರು ಬರೆದುಕೊಟ್ಟ ಲೆಕ್ಕದಲ್ಲೇ, ಮೊದಲ ಸಡಿಲಿಗೇ ಶುರುಮಾಡಬೇಕು. ಉಪ್ಪು ಹಾಕಿದ ಗಂಜಿ ತಿಳಿ, ಓಆರ್‌ಎಸ್ ಜೊತೆಗಿರಲಿ. ಕೆಲವರ ಮೈ ಈ ಔಷಧವನ್ನು ನಿಧಾನಕ್ಕೆ ಹೊರಹಾಕುತ್ತದೆ. ಅದನ್ನು ಮೊದಲೇ ತಿಳಿಯಲು ಯುಜಿಟಿ1ಎ1 ಎಂಬ ರಕ್ತಪರೀಕ್ಷೆ ಇದೆ, ಕೇಳಿ ನೋಡಿ.

ಆಪರೇಶನ್ ಆಗಿ, ಕ್ಯಾನ್ಸರ್ ಬೇರೆಲ್ಲೂ ಹರಡದೆ, ಮರಳಿ ಬಾರದಿರಲಿ ಎಂದು ಕೊಡುವ ಕೀಮೋ ಆದರೆ ಈ ಆಯ್ಕೆ ಇಲ್ಲ. ಅಲ್ಲಿ ಇರಿನೊಟೆಕಾನ್ ಉಪಯೋಗ ಆಗಿಲ್ಲ. ಟೊಪೊಟೆಕಾನ್ ಅಂಡಾಶಯ, ಗರ್ಭಕಂಠ ಮತ್ತು ಒಂದು ಜಾತಿಯ ಶ್ವಾಸಕೋಶದ ಕ್ಯಾನ್ಸರಿಗೆ. ರಕ್ತಕಣ ಜೋರಾಗಿ ಇಳಿಸುತ್ತದೆ. ಸಾಮಾನ್ಯವಾಗಿ ಐದು ದಿನ ಸತತ ಕೊಡುವುದರಿಂದ ಆಸ್ಪತ್ರೆ ಹತ್ತಿರ ಉಳಿಯುವ ವ್ಯವಸ್ಥೆ ಮೊದಲೇ ನೋಡಿಕೊಳ್ಳಿ.

ನಿತ್ಯಪುಷ್ಪದ ಮೂವರು, ಮತ್ತು ಎಟೊಪೊಸೈಡ್

ಮಕ್ಕಳ ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾಕ್ಕೆ (ದುಗ್ಧಗ್ರಂಥಿಗಳ ಕ್ಯಾನ್ಸರಿಗೆ) ವಿಂಕ್ರಿಸ್ಟಿನ್. ಹಾಜ್‌ಕಿನ್ ಲಿಂಫೋಮಾಕ್ಕೆ ವಿನ್‌ಬ್ಲಾಸ್ಟಿನ್. ಶ್ವಾಸಕೋಶ, ಸ್ತನಕ್ಕೆ ವಿನೊರೆಲ್ಬಿನ್. ಇವುಗಳಲ್ಲಿ ಒಂದರ ಬದಲು ಇನ್ನೊಂದು ಎಂಬ ಮಾತು ಅಪರೂಪ. ಹಾಗಾಗಿ ಹೋಲಿಸುವುದಕ್ಕಿಂತ ಎಚ್ಚರ ಮುಖ್ಯ. ವಿಂಕ್ರಿಸ್ಟಿನ್‌ಗೆ ಜೋಮು ಮತ್ತು ಮಲಬದ್ಧತೆ, ವಿನ್‌ಬ್ಲಾಸ್ಟಿನ್‌ಗೆ ರಕ್ತಕಣ ಇಳಿತ. ಮಗು ಮೂರು ದಿನ ಹೊರಗೆ ಹೋಗಿಲ್ಲ ಅಂದರೆ ಹರಳೆಣ್ಣೆ ಕುಡಿಸಬೇಡಿ, ಫೋನ್ ಮಾಡಿ.

ನಮ್ಮ ಕರಾವಳಿಗೆಂದೇ ಇನ್ನೊಂದು ಮಾತು. ಮಳೆಗಾಲದಲ್ಲಿ ತೊಡೆಸಂದಿಗೆ ಹುಳುಕಡ್ಡಿ ಎದ್ದರೆ ಇಲ್ಲಿನ ಕ್ಲಿನಿಕ್ಕುಗಳಲ್ಲಿ ಇಟ್ರಾಕೊನಜೋಲ್ ಮಾತ್ರೆ ಬರೆಯುವುದು ತೀರಾ ಸಾಮಾನ್ಯ. ವಿಂಕ್ರಿಸ್ಟಿನ್ ನಡೆಯುತ್ತಿರುವವರು ಅದನ್ನು ನುಂಗಿದರೆ ವಿಂಕ್ರಿಸ್ಟಿನ್ ಮೈಯಿಂದ ಹೊರಹೋಗದೆ ನಂಜಾಗುತ್ತದೆ. ಬರೀ ಹುಳುಕಡ್ಡಿಗೆ ಅಂತ ಹೋಗಿದ್ದರೂ ಕೀಮೋ ಫೈಲ್ ತೋರಿಸಿ.

ಎಟೊಪೊಸೈಡ್ ಮೂಲ ಪೊಡೊಫಿಲಮ್ ಗಿಡದ ಬೇರು. ಅದರ ಒಂದು ಜಾತಿ ನಮ್ಮ ಹಿಮಾಲಯದಲ್ಲಿ ಬೆಳೆಯುತ್ತದೆ. ವೃಷಣ ಮತ್ತು ಶ್ವಾಸಕೋಶದ ಕೆಲವು ಕ್ಯಾನ್ಸರಿಗೆ. ಇದರಲ್ಲಿ ಡ್ರಿಪ್ಪೂ ಇದೆ, ಕ್ಯಾಪ್ಸೂಲೂ ಇದೆ. ಗುಣವಾಗುವ ಗುರಿ ಇಟ್ಟು ಕೊಡುವಾಗ ಡ್ರಿಪ್ಪೇ ಸರಿ. ರೋಗ ಹಿಡಿತದಲ್ಲಿಡಲು, ದೂರದ ಹಳ್ಳಿಯ ವಯಸ್ಸಾದವರಿಗೆ ಕ್ಯಾಪ್ಸೂಲ್ ಅನುಕೂಲ. ಮನೆಯಲ್ಲೇ ನುಂಗುವುದಾದರೂ ಅದು ಕೀಮೋನೇ. ರಕ್ತಪರೀಕ್ಷೆ ತಪ್ಪಿಸುವ ಹಾಗಿಲ್ಲ, ಮಕ್ಕಳ ಕೈಗೆ ಸಿಗುವ ಹಾಗೆ ಇಡುವಂತಿಲ್ಲ.

ಮನೆಮದ್ದು ಎಲ್ಲಿ ನಿಲ್ಲುತ್ತದೆ?

ಆಯಿಗೆ ನಾಲ್ಕನೇ ವಾರ ಆಗಿತ್ತು. ಘಟ್ಟದ ಕೆಳಗಿನ ನೆಂಟರೊಬ್ಬರು ಪ್ರೀತಿಯಿಂದ ಒಂದು ಚೂರ್ಣ ತಂದುಕೊಟ್ಟರು. ಹಳೆಯ ಬೂಸ್ಟ್ ಡಬ್ಬಿ, ಮೇಲೆ ಹೆಸರಿಲ್ಲ, ಒಳಗೆ ಬೂದುಹಸಿರು ಪುಡಿ. ದಿನಕ್ಕೆರಡು ಸಲ ಜೇನುತುಪ್ಪದಲ್ಲಿ. ಅಪ್ಪ ಬೇಡ ಅನ್ನಲಾರದೆ ಕೊಟ್ಟರು, ನನಗೆ ಹೇಳಲಿಲ್ಲ. ಎರಡು ವಾರದ ನಂತರ ಲಿವರ್ ಪರೀಕ್ಷೆಯ ಎಸ್‌ಜಿಪಿಟಿ ಮೂರು ಪಟ್ಟು ಏರಿತ್ತು. ಕೀಮೋ ಎರಡು ವಾರ ನಿಂತಿತು. ಆ ಪುಡಿಯಿಂದಲೇ ಆಯಿತು ಎಂದು ಯಾರೂ ಬರೆದುಕೊಡಲಿಲ್ಲ. ಪುಡಿ ನಿಲ್ಲಿಸಿದ ಮೇಲೆ ಇಳಿಯಿತು. ಡಾಕ್ಟರು ಬೈಯಲಿಲ್ಲ. "ಏನು ಕೊಟ್ಟರೂ ನನಗೆ ಹೇಳಿ" ಅಂದರು ಅಷ್ಟೆ. ಆ ಎರಡು ವಾರ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಹಳ್ಳಿಯ ಮದ್ದು ಕೊಡುವವರನ್ನು ನಾನು ಹಳಿಯುವುದಿಲ್ಲ. ಕೆಮ್ಮಿಗೆ, ಕಾಮಾಲೆಗೆ ನಾವೆಲ್ಲ ಅವರ ಮನೆ ಬಾಗಿಲಿಗೆ ಹೋದವರೇ. ಆದರೆ ಕೀಮೋ ನಡೆಯುವಾಗ ಲಿವರ್ ಒಂದೇ, ಹೊರೆ ಎರಡಾಗುತ್ತದೆ. ಯಾವುದಕ್ಕೆ ಏನು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಅರಿಶಿನ ಅಡುಗೆಗೆ ಹಾಕುವಷ್ಟು ಧಾರಾಳ ಹಾಕಿ. ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಹಲವು ಪಟ್ಟು ಹೆಚ್ಚು ಸೇರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರು. ಅದೇ ಪೈಪರಿನ್ ಬೇರೆ ಔಷಧಗಳನ್ನೂ ಹಾಗೇ ಏರಿಸಬಲ್ಲದು. ಹಾಗಾಗಿ ಪೈಪರಿನ್ ಬೆರೆಸಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಬೇಡ, ಸಾರಿನ ಮೆಣಸು ಸಾಕು.

ಲಕ್ಷ್ಮಣಫಲದ ಎಲೆ ಕೀಮೋಗಿಂತ ಹತ್ತು ಸಾವಿರ ಪಟ್ಟು ಬಲ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಅದು ಗಾಜಿನ ತಟ್ಟೆಯ ಕೋಶಗಳ ಲೆಕ್ಕ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡಿದ ಪುರಾವೆ ಇಲ್ಲ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಈ ಹಣ್ಣು, ಎಲೆ ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್ ಥರದ ನಡುಕದ ಕಾಯಿಲೆ ಕಂಡಿದೆ ಎಂದು 1999ರಲ್ಲೇ ವರದಿಯಾಗಿದೆ. ಎಲೆ ಕಷಾಯ ಬಿಡಿ.

ಅಮೃತಬಳ್ಳಿ ಕೋವಿಡ್ ಸಮಯದಲ್ಲಿ ಎಲ್ಲರ ಮನೆಗೆ ಬಂತು. ಅದನ್ನು ಕುಡಿದವರಲ್ಲಿ ಲಿವರ್ ಕೆಟ್ಟದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ನೋಡಲು ಹಾಗೇ ಇರುವ ಬೇರೆ ಬಳ್ಳಿ ಇರಬೇಕು ಎಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ಸರಿ ಇದ್ದರೂ ಕೀಮೋ ಮುಗಿಯುವವರೆಗೆ ದೂರ ಇರಿಸಿ.

ಹಾಗಾದರೆ ಏನು ಕೊಡುವುದು? ಮುರುಗಲು ಪಾನಕ, ಬಾಯಿರುಚಿ ಕೆಟ್ಟಾಗ ಅಷ್ಟು ಹಿತ ಬೇರೆ ಯಾವುದೂ ಅಲ್ಲ. ಬಾಯಿಹುಣ್ಣು ಇದ್ದರೆ ಮಾತ್ರ ಉರಿಯುತ್ತದೆ. ಅಪ್ಪೆಹುಳಿ ಆಯಿಗೆ ವಾಕರಿಕೆ ನಿಲ್ಲಿಸಿದಷ್ಟು ಮಾತ್ರೆ ನಿಲ್ಲಿಸಲಿಲ್ಲ. ತಂಬುಳಿಗೆ ಹಸಿ ಒಂದೆಲಗ ರುಬ್ಬುವ ಬದಲು ಸೊಪ್ಪನ್ನು ಚೆನ್ನಾಗಿ ಬೇಯಿಸಿ ಮಾಡಿದೆವು. ರಕ್ತಕಣ ಇಳಿದಾಗ ಗದ್ದೆಯಂಚಿನ ಹಸಿ ಎಲೆ ಬೇಡ ಅಂದಿದ್ದರು. ಇವು ಔಷಧ ಅಲ್ಲ, ಊಟ. ಊಟ ಒಳಗೆ ಹೋದರೆ ಮೈ ಔಷಧವನ್ನು ತಡೆದುಕೊಳ್ಳುತ್ತದೆ.

ದುಡ್ಡು ಮತ್ತು ದಾರಿ

ಈ ಔಷಧಗಳಲ್ಲಿ ಹಳೆಯವಕ್ಕೆಲ್ಲ ಈಗ ಜೆನೆರಿಕ್ (ಅದೇ ಔಷಧ, ಕಡಿಮೆ ಬೆಲೆಯದು) ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ ಶೇಕಡಾ 30ರಷ್ಟು, 1.5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಮೊದಲ ಕೀಮೋಗೆ ಹೋಗುವ ಮುಂಚೆಯೇ ಮಾಡಿಸಿಕೊಳ್ಳಿ, ಆಮೇಲೆ ಓಡಾಡುವ ಶಕ್ತಿ ಇರುವುದಿಲ್ಲ.

ಮಳೆಗಾಲಕ್ಕೆ ಎರಡು ದಾರಿ ಯೋಚಿಸಿ ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನೆನಪಿದೆಯಲ್ಲ. ಕರಾವಳಿಯವರಿಗೆ ರೈಲು ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯವರು ಸಹಿ ಹಾಕಿ ಕೊಡಬೇಕು. ಡಿಸ್ಚಾರ್ಜ್ ಕೌಂಟರಿನಲ್ಲಿ ನಿಂತಾಗಲೇ ಕೇಳಿ. ಮನೆಗೆ ಬಂದ ಮೇಲೆ ಆ ಒಂದು ಸಹಿಗಾಗಿ ನಾವು ಮತ್ತೆ 100 ಕಿಲೋಮೀಟರ್ ಹೋಗಿ ಬಂದಿದ್ದೇವೆ.